ಹಿಂದಿನ ಚಕ್ರದ ಮೋಟಾರು

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆಗೆ ನನ್ನದೊಂದು ಸೈಕಲ್ ಅಂಗಡಿ ಇತ್ತು. ಅಂಗಡಿ ಅಂದರೆ ತಗಡಿನ ಮಾಡು, ಒಂದು ಗಾಳಿ ಪಂಪು, ಪಂಕ್ಚರ್ ನೋಡಲು ಒಂದು ಬಾಣಲೆ ನೀರು, ಅಷ್ಟೆ. ಆದರೆ ಚಕ್ರ ಕಟ್ಟುವುದರಲ್ಲಿ ನನಗೆ ಹೆಸರಿತ್ತು. ಸೊರಬ, ಆನವಟ್ಟಿ ಕಡೆಯವರೂ ಬೆಂಡಾದ ಚಕ್ರವನ್ನು ಬಸ್ಸಿನ ಮೇಲೆ ಹಾಕಿಕೊಂಡು ನನ್ನ ಹತ್ತಿರ ತರುತ್ತಿದ್ದರು. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು. ಮುಂದೆ ನಡೆದದ್ದಕ್ಕೆಲ್ಲ ಆ ಜಂಬವೇ ಬಾಗಿಲು ತೆರೆದುಕೊಟ್ಟಿತು ಎಂದು ಈಗ ಅನಿಸುತ್ತದೆ.

ಒಂದು ಬೆಳಿಗ್ಗೆ ಅಕ್ಕಿ ಗಿರಣಿಯ ಸಾಹುಕಾರರು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ವರ್ತಕರೆಲ್ಲ ಸೇರಿ ಕಟ್ಟಿಕೊಂಡಿದ್ದ ಒಂದು ಸೇವಾ ಸಂಘಕ್ಕೆ ಅವರು ಅಧ್ಯಕ್ಷರು. ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುವುದು, ಮುದುಕರಿಗೆ ಕಣ್ಣಿನ ತಪಾಸಣೆ ಮಾಡಿಸುವುದು, ಇಂಥವೆಲ್ಲ ಆ ಸಂಘದಿಂದ ನಡೆಯುತ್ತಿದ್ದವು. ಫೋಟೋಗ್ರಾಫರ್ ಬರದೆ ಯಾವುದೂ ಶುರುವಾಗುತ್ತಿರಲಿಲ್ಲ ಎಂಬುದನ್ನು ಊರೆಲ್ಲ ನಗುತ್ತ ಹೇಳುತ್ತಿತ್ತು. ನಾನೂ ನಗುತ್ತಿದ್ದೆ.

ಸಾಹುಕಾರರ ಡ್ರೈವರು ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟ. ಒಳಗೆ ಹಪ್ಪಳದ ಡಬ್ಬಿಯಷ್ಟು ದಪ್ಪದ, ದುಂಡಗಿನ, ಬೆಳ್ಳಗಿನ ಲೋಹದ ಹಬ್ಬು, ಚಕ್ರದ ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಭಾಗ. ಅದರ ಆಕ್ಸಲ್ಲಿನ ಒಂದು ತುದಿಯಿಂದ ವೈರು ಹೊರಗೆ ಬಂದಿತ್ತು. ಮೋಟಾರು ಆ ಹಬ್ಬಿನ ಹೊಟ್ಟೆಯೊಳಗೇ ಇದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನನ್ನ ಷಡ್ಕ ಯಾವುದೋ ಪ್ರದರ್ಶನದಾಗೆ ತಂದಾನೆ. ಹಿಂದಿನ ಚಕ್ರಕ್ಕೆ ಹಾಕಿದ್ರೆ ಸೈಕಲ್ಲು ಕರೆಂಟಿನ ಮೇಲೆ ಓಡ್ತದಂತೆ. ನಮ್ಮ ಜಿಲ್ಲೆದಾಗೆ ಯಾರ ಹತ್ರಾನೂ ಇಲ್ಲ ಇದು," ಎಂದರು ಸಾಹುಕಾರರು.

"ಯಾರಿಗ್ರೀ ಇದು?"

"ಆನವಟ್ಟಿ ಕಡೆ ಒಬ್ರು ನರ್ಸಮ್ಮ ಅದಾರಲ್ಲ, ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಸೂಜಿ ಹಾಕ್ತಾರೆ. ಅವರಿಗೆ ಕೊಡಾದು. ಆನವಟ್ಟಿಲೇ ಫಂಕ್ಷನ್ನು. ಮೇಲಿನೋರೆಲ್ಲ ಬರ್ತಾರೆ. ಹದಿನೈದು ದಿನ ಅದೆ. ಕೂಡಿಸ್ಕೊಡು. ನಿನಗೂ ಸ್ಟೇಜಿನ ಮೇಲೆ ಶಾಲು ಹೊದಿಸಿ ಸನ್ಮಾನ ಮಾಡ್ತೀವಿ."

ಸುಮ್ಮನೆ ಕೆಲಸ ಹೇಳಿದ್ದರೆ ಬಹುಶಃ ಯೋಚಿಸಿ ಹೇಳುತ್ತೇನೆ ಅನ್ನುತ್ತಿದ್ದೆ. ಶಾಲು ಎಂದ ಕೂಡಲೇ ಹೂಂ ಅಂದುಬಿಟ್ಟೆ.

ಮಾರನೆಯ ದಿನ ಗಿರಣಿಯ ಟೆಂಪೋದಲ್ಲಿ ಸೈಕಲ್ಲು ಬಂತು. ಹೊಸದು ಬರುತ್ತದೆ ಎಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಅದು ಹಳೆಯ ಲೇಡೀಸ್ ಸೈಕಲ್ಲು. ಸೀಟಿಗೆ ಹೊಲಿದ ಬಟ್ಟೆಯ ಕವರು, ಹ್ಯಾಂಡಲ್ಲಿಗೆ ಸುತ್ತಿದ ಆಸ್ಪತ್ರೆಯ ಬಿಳಿ ಪಟ್ಟಿ.

"ಇದೆಲ್ಲಿಂದ ತಂದ್ರಿ?" ಎಂದು ಡ್ರೈವರನ್ನು ಕೇಳಿದೆ.

"ಆ ನರ್ಸಮ್ಮಂದೇ. ಮೋಟಾರು ಹಾಕ್ಸಿ ಕೊಡ್ತೀವಿ ಅಂತ ಇಸ್ಕಂಡು ಬಂದೀವಿ. ಬಣ್ಣ ಹೊಡೆದ್ರೆ ಹೊಸದರಂಗೆ ಕಾಣ್ತದಂತೆ, ಸಾವ್ಕಾರ್ರು ಹೇಳ್ಯಾರೆ."

ಆಮೇಲೆ ಎರಡು ದಿನಕ್ಕೆ ಆಮಂತ್ರಣ ಪತ್ರಿಕೆ ಅಂಗಡಿಗೆ ಬಂತು. 'ಎಲೆಕ್ಟ್ರಿಕ್ ಸೈಕಲ್ ಕೊಡುಗೆ ಸಮಾರಂಭ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅವರ ಸೈಕಲ್ಲನ್ನೇ ಅವರಿಗೆ ಕೊಡುಗೆ ಕೊಡುವುದು. ಆದರೂ ಪತ್ರಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಕುಶಲಕರ್ಮಿಗಳಿಗೆ ಸನ್ಮಾನ' ಎಂದಿದ್ದ ಸಾಲನ್ನು ನಾನು ಎರಡು ಸಲ ಓದಿದೆ.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ನಮ್ಮ ಸೈಕಲ್ಲಿನ ಹಿಂದಿನ ರಿಮ್ಮಿಗೆ ನಲವತ್ತು ಕಡ್ಡಿ. ಆ ಮೋಟಾರಿನ ಹಬ್ಬಿಗೆ ಇದ್ದದ್ದು ಮೂವತ್ತಾರು ತೂತು. ಶಿವಮೊಗ್ಗಕ್ಕೆ ಹೋಗಿ ಮೂವತ್ತಾರು ತೂತಿನ ರಿಮ್ಮು ಹುಡುಕಿ ತಂದೆ. ಹಬ್ಬು ದೊಡ್ಡದಾದ್ದರಿಂದ ಕಡ್ಡಿಗಳು ಉದ್ದವಾದವು. ಅವನ್ನು ಕತ್ತರಿಸಿ ತುದಿಗೆ ಹೊಸದಾಗಿ ತಿರುಪಿನ ಮರೆ ಹಾಕಿಸಲು ಮತ್ತೊಮ್ಮೆ ಶಿವಮೊಗ್ಗದ ಬಸ್ಸು ಹತ್ತಿದೆ. ಚಕ್ರ ಕಟ್ಟಿ, ಬೆಂಡು ತೆಗೆದು, ಕೂರಿಸಲು ನೋಡಿದರೆ ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವೆ ಜಾಗ ಸಾಲದು. ಒಂದು ಹಲಗೆಯ ತುಂಡು ಕೊಟ್ಟು ಆ ಕಾಲುಗಳನ್ನು ಮೆಲ್ಲಗೆ ಅಗಲಿಸಿದೆ. ಆಕ್ಸಲ್ಲು ಕೂರುವ ಸೀಳು ಬಿಗಿಯಾಯಿತು ಎಂದು ಅರ ಹಿಡಿದು ಎರಡೂ ಕಡೆ ಉಜ್ಜಿದೆ. ಒಬ್ಬರು ಹದಿನೈದು ವರ್ಷ ಜೋಪಾನ ಮಾಡಿಕೊಂಡು ಬಂದ ಸೈಕಲ್ಲು ಅದು. ಉಜ್ಜುವಾಗ ಉದುರುತ್ತಿದ್ದ ಕಬ್ಬಿಣದ ಪುಡಿ ನೋಡಿ ಮನಸ್ಸಿಗೆ ಒಂಥರಾ ಆಯಿತು. ಆದರೆ ಕೈ ನಿಲ್ಲಿಸಲಿಲ್ಲ.

ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಒಂದು ಹಾಳೆ ಇತ್ತು. ಕಾಲೇಜಿನ ಮೇಷ್ಟ್ರೊಬ್ಬರು ಅದನ್ನು ಓದಿ ಅರ್ಥ ಹೇಳಿದರು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ನಡುವಿನ ಆಕ್ಸಲ್ಲು ಹಿಂದಕ್ಕೆ ತಿರುಗಲು ನೋಡುತ್ತದಂತೆ. ಸಾದಾ ಸೈಕಲ್ಲಿನಲ್ಲಿ ಆಕ್ಸಲ್ಲು ಸುಮ್ಮನೆ ಕೂತಿರುತ್ತದೆ, ನಟ್ಟು ಬಿಗಿ ಮಾಡಿದರೆ ಸಾಕು. ಇದರಲ್ಲಿ ಹಾಗಲ್ಲ. ಒಂದು ಗಟ್ಟಿ ಪಟ್ಟಿಯಿಂದ ಆಕ್ಸಲ್ಲನ್ನು ಕಚ್ಚಿ ಹಿಡಿದು ಆ ಪಟ್ಟಿಯನ್ನು ಫ್ರೇಮಿಗೆ ಬಿಗಿಯಬೇಕು. ಇಲ್ಲದಿದ್ದರೆ ಆಕ್ಸಲ್ಲು ಸೀಳಿನಿಂದ ಕಿತ್ತುಕೊಂಡು ತಿರುಗುತ್ತದೆ, ತನ್ನೊಳಗಿಂದ ಬರುವ ವೈರುಗಳನ್ನು ತಾನೇ ತಿರುಚಿ ಹರಿಯುತ್ತದೆ. ಆ ಪಟ್ಟಿ ಪೆಟ್ಟಿಗೆಯಲ್ಲಿ ಇರಲಿಲ್ಲ. ಎಲ್ಲಿ ಬಿದ್ದುಹೋಗಿತ್ತೋ. ನಾನು ಕಮ್ಮಾರನ ಹತ್ತಿರ ಒಂದು ಮಧ್ಯಾಹ್ನವೆಲ್ಲ ಕೂತು, ಟ್ರೇಲರಿನ ಹಳೆಯ ಸ್ಪ್ರಿಂಗ್ ಪಟ್ಟಾ ಕಾಯಿಸಿ ಬಡಿಸಿ ಒಂದು ಪಟ್ಟಿ ಮಾಡಿಸಿದೆ. ನೋಡಲು ಒರಟಾಗಿತ್ತು. ಆದರೆ ಹಾಕಿ ಬಿಗಿದ ಮೇಲೆ ಆಕ್ಸಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಬ್ಯಾಟರಿ ಕೂಡಿಸಿ ಬಸ್ ಸ್ಟ್ಯಾಂಡಿನಿಂದ ಅಂಗಡಿವರೆಗೆ ಓಡಿಸಿ ನೋಡಿದೆ. ತುಳಿಯದೇ ಸೈಕಲ್ಲು ಓಡಿತು. ಆ ಒಂದು ಕ್ಷಣ ಮಾತ್ರ ನನಗೆ ಇಡೀ ಕೆಲಸದಲ್ಲಿ ನಿಜವಾದ ಸಂತೋಷವಾದದ್ದು.

ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ನರ್ಸಮ್ಮನವರು ಬಸ್ಸಿನಲ್ಲಿ ಬಂದು ಅಂಗಡಿ ಕೇಳಿಕೊಂಡು ಬಂದರು. ನಲವತ್ತು ದಾಟಿದ್ದ, ತೆಳ್ಳಗಿನ ಹೆಂಗಸು. ಹಾವೇರಿ ಕಡೆಯ ಮಾತು.

"ನನ್ನ ಸೈಕಲ್ಲ ಆತೇನ್ರಿ? ಹತ್ತು ದಿನಾತು, ನಡ್ಕೊಂತನ ತಿರುಗಾಕತ್ತೀನಿ," ಎಂದರು.

ತೋರಿಸಿದೆ. ಹಸಿರು ಬಣ್ಣ ಹೊಡೆದಿದ್ದ ತಮ್ಮ ಸೈಕಲ್ಲನ್ನು ಅವರು ಸುತ್ತು ಹಾಕಿ ನೋಡಿದರು. ಕ್ಯಾರಿಯರಿನ ಮೇಲೆ ಎರಡು ಬ್ಯಾಟರಿ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಕೂತಿತ್ತು. ಅದರ ಮೇಲೆ ಕೈಯಿಟ್ಟು ಕೇಳಿದರು:

"ಲಸಿಕೆ ಡಬ್ಬಿ ಎಲ್ಲಿ ಇಡ್ಲಿ?"

ಐಸು ತುಂಬಿದ ಆ ಡಬ್ಬಿಯನ್ನು ಅವರು ದಿನವೂ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅದು ನನಗೆ ಹೊಳೆದೇ ಇರಲಿಲ್ಲ. ಸಾಹುಕಾರರಿಗೂ ಹೊಳೆದಿರಲಿಲ್ಲ. ಕೇಳಿದ್ದರೆ ತಾನೇ ಹೊಳೆಯುವುದು.

"ಹ್ಯಾಂಡಲ್ಲಿಗೆ ನೇತು ಹಾಕ್ಬಹುದೇನೋ ಅಕ್ಕಾ," ಅಂದೆ.

"ಡಬ್ಬಿ ಜೋಲಿ ಹೊಡೆದ್ರ ನಾ ಬೀಳಂಗಿಲ್ಲೇನ್ರಿ." ಅವರು ಸೈಕಲ್ಲಿನ ಹಿಂಭಾಗವನ್ನು ಹಿಡಿದು ಎತ್ತಲು ನೋಡಿದರು. ಒಂದು ಗೇಣೂ ಎತ್ತಲು ಆಗಲಿಲ್ಲ. "ಹಳ್ಳದಾಗ ನೀರು ಬಂದ್ರ ನಾ ಇದನ್ನ ಹೊತ್ಕೊಂಡು ದಾಟತಿದ್ದೆ. ಇರ್ಲಿ. ಕರೆಂಟ್ ಎಷ್ಟ್ ತಾಸು ಬೇಕ್ರಿ ಇದಕ್ಕ?"

"ಎಂಟು ತಾಸು."

ಅವರು ನನ್ನ ಮುಖ ನೋಡಿದರು. ಅವರಿದ್ದ ಹಳ್ಳಿಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತಿತ್ತು ಎಂದು ನನಗೂ ಗೊತ್ತಿತ್ತು. "ಬ್ಯಾಡ ಅಂದ್ರ ದೊಡ್ಡಾಕ್ಟ್ರು ಸಿಟ್ಟಾಕ್ಕಾರ. ಆ ಸಾವ್ಕಾರ್ರು ಆಸ್ಪತ್ರಿಗೆ ಮಂಚ ಕೊಡ್ಸತೇನಿ ಅಂದಾರಂತ," ಎಂದು ಅಷ್ಟೇ ಹೇಳಿ ಬಸ್ಸಿಗೆ ಹೊರಟರು.

ಅವರು ಹೇಳಿದ್ದನ್ನೆಲ್ಲ ನಾನು ಸಾಹುಕಾರರಿಗೆ ತಿಳಿಸಿದೆ. ಫಂಕ್ಷನ್ ಮುಗಿದ ಮೇಲೆ ನೋಡೋಣ ಅಂದರು. ಸಮಾರಂಭದ ಹಿಂದಿನ ದಿನ ಅವರೇ ಅಂಗಡಿಗೆ ಬಂದರು. ಕೈಯಲ್ಲಿ ಬಣ್ಣ ಬರೆಸಿದ ಒಂದು ತಗಡು. ಸಂಘದ ಹೆಸರು, ಅವರ ಹೆಸರು, ಪದಾಧಿಕಾರಿಗಳ ಹೆಸರು. ಹಿಂದಿನ ಚಕ್ರದ ಪಕ್ಕ, ಫೋಟೋದಲ್ಲಿ ಮೋಟಾರಿನ ಜೊತೆಗೇ ಕಾಣುವಂತೆ ಅದನ್ನು ಕೂರಿಸಬೇಕಿತ್ತು. ಅಲ್ಲಿ ನನ್ನ ಪಟ್ಟಿ ಅಡ್ಡ ಬರುತ್ತಿತ್ತು.

"ಇದೆಂತದು ಕಬ್ಬಿಣ? ಎತ್ತಿನ ಗಾಡಿಗೆ ಹಾಕ್ದಂಗೆ ಅದೆ. ತೆಗಿ ಅದನ್ನ."

"ಅದಿಲ್ದಿದ್ರೆ ಆಕ್ಸಲ್ಲು ತಿರುಗ್ತದೆ ಸಾವ್ಕಾರ್ರೆ."

"ನಟ್ಟು ಬಿಗಿ ಮಾಡು."

"ನಟ್ಟು ನಿಲ್ಲಲ್ಲ."

"ಮೂರು ರೌಂಡು ನಿಲ್ತದೋ ಇಲ್ಲೋ, ಅಷ್ಟು ಹೇಳು. ಮೂರು ರೌಂಡು ಹೊಡೆಸ್ತೀವಿ, ಫೋಟೋ ತೆಗೀತಾರೆ, ಮುಗೀತು. ಆಮೇಲೆ ನಿನ್ನ ಕಬ್ಬಿಣ ನೀನು ಹಾಕ್ಕೋ."

ನಿಲ್ಲುವುದಿಲ್ಲ ಎಂದು ನಾನು ಹೇಳಬಹುದಿತ್ತು. ನಿಲ್ಲಬಹುದು ಅಂದೆ. ಅವರು ನಿಂತು ನೋಡುತ್ತಿರುವಾಗಲೇ ಪಟ್ಟಿ ಬಿಚ್ಚಿ, ತಗಡು ಕೂರಿಸಿ, ನಟ್ಟುಗಳನ್ನು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ. ಅರದಿಂದ ಉಜ್ಜಿ ಸೀಳನ್ನು ನಾನೇ ಸಡಿಲ ಮಾಡಿದ್ದೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಸಮಾರಂಭ ಆನವಟ್ಟಿಯಲ್ಲಿ, ಒಂದು ಶಾಲೆಯ ಬಯಲಿನಲ್ಲಿ. ಶಾಮಿಯಾನ, ಕುರ್ಚಿ, ಮೈಕು. ಹಳ್ಳಿಗಳಿಂದ ಜನ ಬಂದಿದ್ದರು. ನರ್ಸಮ್ಮ ಹೆರಿಗೆ ಮಾಡಿಸಿದ ಹೆಂಗಸರೇ ಹೆಚ್ಚು, ಕೈಗೂಸು ಎತ್ತಿಕೊಂಡು ಹಿಂದೆ ನೆಲದ ಮೇಲೆ ಕೂತಿದ್ದರು. ಭಾಷಣಗಳು ಮುಗಿಯಲೇ ಇಲ್ಲ. ಸೇವೆ, ತ್ಯಾಗ, ತಾಯಿ ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ನರ್ಸಮ್ಮನಿಗೆ ಮಾತಾಡಿ ಎಂದು ಯಾರೂ ಮೈಕು ಕೊಡಲಿಲ್ಲ. ನನ್ನನ್ನು ಕರೆದು ಶಾಲು ಹೊದಿಸಿದರು. ಬಿಸಿಲಿನಲ್ಲಿ ಆ ಉಣ್ಣೆಯ ಶಾಲು ಚುಚ್ಚುತ್ತಿತ್ತು, ಆದರೂ ನಾನು ತೆಗೆಯಲಿಲ್ಲ.

ನರ್ಸಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ ಹತ್ತಿದರು. ಕೊರಳಲ್ಲಿ ಹಾರ ಹಾಗೇ ಇರಲಿ ಎಂದು ಫೋಟೋಗ್ರಾಫರ್ ಹೇಳಿದ್ದ. ಒಂದು ಸುತ್ತು ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಎರಡನೆಯದೂ ಆಯಿತು. ಮೂರನೆಯದೂ ಆಯಿತು. ನಾನು ಉಸಿರು ಬಿಟ್ಟೆ. ಆಗ ಫೋಟೋಗ್ರಾಫರ್, ತಗಡಿನ ಮೇಲೆ ಬಿಸಿಲು ಬಿದ್ದು ಹೆಸರು ಕಾಣಲಿಲ್ಲ, ಇನ್ನೊಂದು ರೌಂಡು ಆ ಕಡೆಯಿಂದ ಬರಲಿ ಅಂದ. ಸಾಹುಕಾರರು ಕೈ ಬೀಸಿದರು.

ನಾಲ್ಕನೆಯ ಸುತ್ತಿನಲ್ಲಿ ವೇದಿಕೆಯ ಎದುರಿಗೇ ಕಟಕ್ ಎಂದು ಶಬ್ದವಾಯಿತು. ಆಕ್ಸಲ್ಲು ತಿರುಗಿ ಸೀಳಿನಿಂದ ಹೊರಗೆ ಬಂತು. ಚಕ್ರ ಅಡ್ಡಡ್ಡ ತಿರುಗಿ ಫ್ರೇಮಿಗೆ ಕಚ್ಚಿಕೊಂಡಿತು. ವೈರು ಹರಿದು ಸುಟ್ಟ ರಬ್ಬರಿನ ವಾಸನೆ ಎದ್ದಿತು. ನರ್ಸಮ್ಮ ಎಡಗೈ ಊರಿ ನೆಲಕ್ಕೆ ಬಿದ್ದರು, ಬ್ಯಾಟರಿಯ ಪೆಟ್ಟಿಗೆಯ ಭಾರ ಅವರ ಕಾಲಿನ ಮೇಲೆ ಬಂತು.

ನಾನು ಓಡಿದೆ. ಓಡಿ ಹೋಗಿ ಮೊದಲು ಹಿಡಿದು ನೋಡಿದ್ದು ಚಕ್ರವನ್ನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅವರನ್ನು ಎಬ್ಬಿಸಿದವರು ಹಿಂದೆ ಕೂತಿದ್ದ ಹೆಂಗಸರು.

ಮೈಕಿನಲ್ಲಿ ಸಾಹುಕಾರರ ದನಿ ಬಂತು. "ಗಾಬರಿ ಆಗ್ಬ್ಯಾಡ್ರಿ, ಗಾಬರಿ ಆಗ್ಬ್ಯಾಡ್ರಿ. ಹೊಸಾ ಮಷಿನ್ನು, ಹೆಣ್ಮಕ್ಳ ಕೈಗೆ ಬಂದದೆ. ಸ್ವಲ್ಪ ಬ್ಯಾಲೆನ್ಸ್ ತಪ್ಪಿದೆ, ಅಷ್ಟೆ."

ಗಂಡಸರು ಕೂತಿದ್ದ ಕಡೆಯಿಂದ ನಗು ಎದ್ದಿತು. ನರ್ಸಮ್ಮ ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಶಾಲು ಹೆಗಲ ಮೇಲೇ ಇತ್ತು.

ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಊಟಕ್ಕೆ ಎಲೆ ಹಾಕಿದರು. ಹೋಳಿಗೆ, ಕೋಸಂಬರಿ, ಎರಡು ಪಲ್ಯ. ಯಾರೂ ಆ ವಿಷಯ ಎತ್ತಲಿಲ್ಲ. ಸಾಹುಕಾರರು ಸಾಲಿನ ನಡುವೆ ಓಡಾಡಿ ತುಪ್ಪ ಹಾಕಿಸುತ್ತಿದ್ದರು. ನನ್ನ ಎಲೆಯ ಮುಂದೆ ಬಂದು, "ಇನ್ನೊಂದು ಹೋಳಿಗೆ ಹಾಕಿಸ್ಕೋ, ಬೆಳಗಿಂದ ಒದ್ದಾಡಿದ್ದೀ," ಎಂದರು. ನಾನು ಹಾಕಿಸಿಕೊಂಡೆ. ತಿಂದೆ ಕೂಡ. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯಿಂದ ಹೊರಗೆ ತಲೆ ಹಾಕಿ ಎಲ್ಲ ಕಾರಿದೆ. ಪಕ್ಕದವರು ಬಸ್ಸು ಆಗಿಬರಲ್ವೇನ್ರಿ ಎಂದು ಲಿಂಬೆಹಣ್ಣು ಕೊಟ್ಟರು.

ಪತ್ರಿಕೆಯಲ್ಲಿ ಮೊದಲ ಸುತ್ತಿನ ಫೋಟೋ ಬಂತು. ನರ್ಸಮ್ಮ ಹಾರ ಹಾಕಿಕೊಂಡು ನಗುತ್ತಿದ್ದರು. ಬಿದ್ದದ್ದರ ಸುದ್ದಿ ಒಂದು ಸಾಲೂ ಇರಲಿಲ್ಲ. ಸಾಹುಕಾರರು ಆ ಫೋಟೋ ಕತ್ತರಿಸಿ ಡ್ರೈವರನ ಕೈಯಲ್ಲಿ ನನಗೆ ಕಳಿಸಿದರು.

ಒಂದು ವಾರ ಕಳೆದು ನಾನು ಅವರ ಮನೆ ಹುಡುಕಿಕೊಂಡು ಹೋದೆ. ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದರು. ಒಂದೇ ಕೈಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಒಳಗೆ ಬನ್ನಿ ಅನ್ನಲಿಲ್ಲ. ನಾನು ಹೊಸಿಲ ಹತ್ತಿರ ನಿಂತೇ ಪಟ್ಟಿ ಬಿಚ್ಚಿದ ವಿಷಯ ಹೇಳಿದೆ.

"ಬಿಚ್ಚಿದ್ರ ಬೀಳ್ತದ ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು ಅಕ್ಕಾ."

"ಗೊತ್ತಿದ್ದೂ ನನ್ನ ಹತ್ತಿಸಿದ್ರಿ."

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು.

"ಹಳ್ಳ್ಯಾಗ ಹೋದ್ರ ಹುಡುಗ್ರು 'ಬ್ಯಾಲೆನ್ಸ್ ಬಂತೇನ್ರಿ ಸಿಸ್ಟರ್' ಅಂತ ನಗ್ತಾವ. ಹದಿನೈದು ವರ್ಷ ಇದೇ ದಾರ್ಯಾಗ ಸೈಕಲ್ ತುಳ್ದೀನಿ, ಒಂದಿನ ಬಿದ್ದಿಲ್ಲ. ನಿಮ್ಮ ತಪ್ಪೊಪ್ಪಿಗಿ ನನಗ್ಯಾಕ ಬೇಕ್ರಿ? ಯಾರು ನಕ್ಕಾರ ಅವರ ಮುಂದ ಹೇಳ್ರಿ. ಮತ್ತ ನನ್ನ ಸೈಕಲ್ ಹೆಂಗಿತ್ತೋ ಹಂಗ ತಂದುಕೊಡ್ರಿ."

ಸೈಕಲ್ಲು ಗಿರಣಿಯ ಗೋದಾಮಿನಲ್ಲಿ ಬಿದ್ದಿತ್ತು. ಸಾಹುಕಾರರು, ಮೋಟಾರು ಬಿಚ್ಚಿ ಇಲ್ಲಿಟ್ಟು ಸೈಕಲ್ಲು ಒಯ್ಯಿ, ತಗಡು ಮಾತ್ರ ಹಾಗೇ ಇರಲಿ ಅಂದರು. ನಾನು ಅವರೆದುರಿಗೇ ತಗಡು ಬಿಚ್ಚಿ ಹೊಟ್ಟಿನ ರಾಶಿಯ ಮೇಲೆ ಎಸೆದೆ. ಅವರ ಮುಖ ಕೆಂಪಾಯಿತು. ಅಂಗಡಿಗೆ ತಂದು ಅಗಲಿಸಿದ ಕಾಲುಗಳನ್ನು ಕೂಡಿಸಿದೆ. ಹರಿದ ಸೀಳಿಗೆ ಗ್ಯಾಸ್ ವೆಲ್ಡಿಂಗಿನಲ್ಲಿ ಲೋಹ ತುಂಬಿಸಿ ಮತ್ತೆ ಅಳತೆಗೆ ಉಜ್ಜಿದೆ. ಅವರ ಹಳೆಯ ಹಬ್ಬನ್ನೇ ತೊಳೆದು, ನಲವತ್ತು ಕಡ್ಡಿಯ ಚಕ್ರ ಮತ್ತೆ ಕಟ್ಟಿದೆ. ವೆಲ್ಡಿಂಗಿನ ಕಾವಿಗೆ ಬಣ್ಣ ಸುಟ್ಟು ಆದ ಕಪ್ಪು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಆನವಟ್ಟಿಯ ಸಂತೆಯ ದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋದೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಹತ್ತಾರು ಜನ ಕೂತಿದ್ದರು. ಅಲ್ಲಿ ನಿಂತು, ಅವತ್ತು ನರ್ಸಮ್ಮ ಬ್ಯಾಲೆನ್ಸ್ ತಪ್ಪಿ ಬೀಳಲಿಲ್ಲ, ಚಕ್ರ ಹಿಡಿಯುವ ಪಟ್ಟಿಯನ್ನು ನಾನೇ ಬಿಚ್ಚಿದ್ದೆ, ಬಿಚ್ಚು ಎಂದವರು ಸಾಹುಕಾರರು ಎಂದು ಹೇಳಿದೆ. ಕೆಲವರು ಕೇಳಿಸಿಕೊಂಡರು. ಒಬ್ಬರು, "ಆತು ಬಿಡ್ರಿ, ಮುಗಿದು ಹೋದ ಮಾತು ಈಗ್ಯಾಕೆ," ಎಂದು ಚಹಾ ಕುಡಿಯತೊಡಗಿದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಕುರಿ ಸಾಕುವ ಹಿರಿಯರು ಮಾತ್ರ ಎದ್ದು ಬಂದು, "ನನ್ನ ಸೊಸೆನ ಉಳಿಸಿದ ತಾಯಿ ಆಕೆ. ನೀವು ಹಿಂಗ್ ಮಾಡಬಾರ್ದಿತ್ತು," ಎಂದು ಹೇಳಿ ಹೊರಗೆ ಹೋದರು.

ನರ್ಸಮ್ಮ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡಿದರು. "ಬೆಂಡಿಲ್ಲ," ಅಂದರು. ಹೋಟೆಲಿನಲ್ಲಿ ಹೇಳಿದೆ ಅಂದಾಗ ತಲೆಯಾಡಿಸಿದರು. ಕ್ಷಮಿಸಿದ್ದೇನೆ ಎಂದು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೈ ಕೂಡಿದ ಮೇಲೆ ಮತ್ತೆ ಅದೇ ಸೈಕಲ್ಲಿನಲ್ಲಿ ತಿರುಗಿದರು, ವರ್ಗವಾಗಿ ಹೋಗುವವರೆಗೂ.

ಮೋಟಾರನ್ನು ಸಾಹುಕಾರರು ರಿಪೇರಿ ಮಾಡಿಸಿ, ಮತ್ತೊಬ್ಬ ಮೆಕ್ಯಾನಿಕ್ಕಿನ ಕೈಯಲ್ಲಿ ಬೇರೊಂದು ಸೈಕಲ್ಲಿಗೆ ಹಾಕಿಸಿ, ಸೊರಬದಲ್ಲಿ ಕಾಲು ಸರಿಯಿಲ್ಲದ ಒಬ್ಬ ದರ್ಜಿಗೆ ಕೊಡುಗೆ ಕೊಟ್ಟರೆಂದು ಕೇಳಿದೆ. ಅದರ ಫೋಟೋವೂ ಬಂದಿತ್ತು. ಆ ಮೆಕ್ಯಾನಿಕ್ಕಿಗೆ ಹೋಗಿ ಪಟ್ಟಿಯ ವಿಷಯ ಹೇಳಬೇಕು ಎಂದು ಎರಡು ದಿನ ಅಂದುಕೊಂಡೆ. ಮೂರನೆಯ ದಿನ ಹೋದೆ. ಅವನು ಅಷ್ಟರಲ್ಲಿ ತಾನೇ ಒಂದು ಪಟ್ಟಿ ಮಾಡಿ ಹಾಕಿದ್ದ, ತೆಗಿ ಅಂದವರಿಗೆ ತೆಗೆಯಲ್ಲ ಅಂದಿದ್ದನಂತೆ. ಅಷ್ಟು ಸುಲಭವಿತ್ತು ಅದು.

ಎರಡು ವರ್ಷದ ಮೇಲೆ ಒಂದು ಮದುವೆಯಲ್ಲಿ ಸಾಹುಕಾರರು ಎದುರಾದರು. ಹೊರಗಿನಿಂದ ಬಂದ ನೆಂಟರೊಬ್ಬರಿಗೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಕಡೆ ಮೊದಲನೇ ಎಲೆಕ್ಟ್ರಿಕ್ ಸೈಕಲ್ ಕೂಡಿಸಿದವ್ರು ಇವ್ರೇ ನೋಡ್ರಿ," ಎಂದರು. ಆ ನೆಂಟರು ಭೇಷ್ ಎಂದು ನನ್ನ ಕೈ ಕುಲುಕಿದರು. ಒಂದು ಕ್ಷಣ, ಒಂದೇ ಕ್ಷಣ, ನನಗೆ ಹಿಗ್ಗಾಯಿತು. ಸಾಹುಕಾರರ ಬಗ್ಗೆ ನನಗಿದ್ದ ಹೇಸಿಗೆ ದಿನ ಕಳೆದಂತೆ ತೆಳುವಾಗಿದೆ. ಆ ಹಿಗ್ಗಿನ ಬಗ್ಗೆ ಇರುವ ಹೇಸಿಗೆ ಹೋಗಿಲ್ಲ.